ಮಲೆನಾಡಿನ ಮನೆಯ ಹವಳದ ತೊಟ್ಟಿಗೆ ಕ್ಯಾಲ್ಸಿಯಂ ರಿಯಾಕ್ಟರ್

ಗಟ್ಟಿ ಹವಳಗಳು ತಮ್ಮ ಅಸ್ಥಿಯನ್ನು ಕಟ್ಟಿಕೊಳ್ಳುವುದು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟಿನಿಂದ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 410ರಿಂದ 420 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 1,300 ಮಿಲಿಗ್ರಾಂ, ಆಲ್ಕಲಿನಿಟಿ (ಬಹುಪಾಲು ಬೈಕಾರ್ಬೊನೇಟಿನಿಂದ ಬರುವ, ಆಮ್ಲವನ್ನು ತಡೆಯುವ ಶಕ್ತಿ) ಸುಮಾರು 7 ಡಿಕೆಎಚ್ (ಅದನ್ನು ಅಳೆಯುವ ಮಾನ) ಇರುತ್ತದೆ; ಅಲ್ಲಿ ಹವಳಗಳು ಎಷ್ಟು ಬಳಸಿಕೊಂಡರೂ ಈ ಅಂಕಿಗಳು ಕದಲುವುದಿಲ್ಲ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮನೆಯ ಹಾಲ್‌ನಲ್ಲಿಟ್ಟ ತೊಟ್ಟಿಯ ಮಾತು ಬೇರೆ. ಅಕ್ರೊಪೋರಾದಂಥ ಗಟ್ಟಿ ಹವಳಗಳು ಚೆನ್ನಾಗಿ ಬೆಳೆಯತೊಡಗಿದರೆ ಎರಡೇ ದಿನಗಳಲ್ಲಿ ಆಲ್ಕಲಿನಿಟಿ ಇಳಿದಿರುವುದು ಪರೀಕ್ಷಾ ಕಿಟ್‌ನಲ್ಲಿ ಕಾಣುತ್ತದೆ. ಈ ಇಳಿಕೆಯನ್ನು ಹಗಲಿರುಳೂ ಸ್ವಲ್ಪಸ್ವಲ್ಪವಾಗಿ ತುಂಬಿಕೊಡುವ ಸಾಧನವೇ ಕ್ಯಾಲ್ಸಿಯಂ ರಿಯಾಕ್ಟರ್.

ಅದರ ಕೆಲಸ ಹವಳ ಮಾಡುವ ಕೆಲಸದ ತಿರುವುಮುರುವು. ಬಿಗಿಯಾಗಿ ಮುಚ್ಚಿದ ಒಂದು ಪಾತ್ರೆಯಲ್ಲಿ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಕಲ್ಲು) ತುಂಡುಗಳನ್ನು ತುಂಬಿ, ತೊಟ್ಟಿಯ ನೀರನ್ನು ಅದರೊಳಗೆ ಸುತ್ತಿಸುತ್ತಾ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡನ್ನು ಗುಳ್ಳೆಗುಳ್ಳೆಯಾಗಿ ಬಿಡಲಾಗುತ್ತದೆ. ಅನಿಲ ನೀರಿನಲ್ಲಿ ಕರಗಿ ಕಾರ್ಬೊನಿಕ್ ಆಮ್ಲವಾಗುತ್ತದೆ, ಒಳಗಿನ ಪಿಎಚ್ 6.6ರ ಆಸುಪಾಸಿಗೆ ಇಳಿಯುತ್ತದೆ, ಕಲ್ಲು ಕರಗಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಬಿಡುಗಡೆಯಾಗುತ್ತವೆ. ಆ ಗಾಢ ನೀರು ಸಣ್ಣ ನಳಿಕೆಯ ಮೂಲಕ ಹನಿಹನಿಯಾಗಿ ಸಂಪ್‌ಗೆ, ಅಂದರೆ ತೊಟ್ಟಿಗೆ ಜೋಡಿಸಿದ ಉಪತೊಟ್ಟಿಗೆ, ಇಳಿಯುತ್ತದೆ. ಹವಳ ಯಾವ ಪ್ರಮಾಣದಲ್ಲಿ ತೆಗೆದುಕೊಂಡಿತೋ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಎರಡೂ ಮರಳಿ ಸಿಗುತ್ತವೆ: 1 ಡಿಕೆಎಚ್ ಆಲ್ಕಲಿನಿಟಿಯ ಜೊತೆಗೆ ಲೀಟರಿಗೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ.

ಈ ಸಾಧನದಲ್ಲಿ ನಮ್ಮ ಕೈಗೆ ಸಿಗುವುದು ಎರಡೇ ಹಿಡಿತಗಳು, ಒಂದು ಅನಿಲ, ಇನ್ನೊಂದು ನೀರು. ಅನಿಲವನ್ನು ಒಂದು ಪಿಎಚ್‌ಗೆ ಕಟ್ಟಿಹಾಕಿ, ಅನಂತರ ನೀರಿನ ಹರಿವನ್ನು ಮಾತ್ರ ತೊಟ್ಟಿಯ ಆಲ್ಕಲಿನಿಟಿ ನೋಡಿಕೊಂಡು ಬದಲಿಸುವುದೇ ಸರಿಯಾದ ಕ್ರಮವೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ತಿರುಗಿಸುವವರ ರಿಯಾಕ್ಟರ್ ಹದಕ್ಕೆ ಬರುವುದೇ ಇಲ್ಲ.

ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಮೊದಲಿಗೆ ತೊಟ್ಟಿಗೆ ಹಾಕುತ್ತಿರುವ ಎಲ್ಲ ಕ್ಯಾಲ್ಸಿಯಂ ಮತ್ತು ಬಫರ್ (ಆಲ್ಕಲಿನಿಟಿ ಏರಿಸುವ) ದ್ರಾವಣಗಳನ್ನು ಎರಡು ಮೂರು ದಿನ ನಿಲ್ಲಿಸಿ, ಪ್ರತಿದಿನ ಒಂದೇ ಹೊತ್ತಿನಲ್ಲಿ ಆಲ್ಕಲಿನಿಟಿಯನ್ನು ಅಳೆದು ಬರೆದಿಡಬೇಕು. ಒಂದೇ ಹೊತ್ತು ಎಂಬುದು ಮುಖ್ಯ, ಏಕೆಂದರೆ ದೀಪ ಉರಿಯುವಾಗ ಹವಳಗಳ ಬಳಕೆ ಹೆಚ್ಚು, ರಾತ್ರಿ ಕಡಿಮೆ. ದಿನದ ಇಳಿಕೆ ಅರ್ಧ ಡಿಕೆಎಚ್‌ಗಿಂತ ಕಡಿಮೆಯಿದ್ದರೆ, ಅಥವಾ ತೊಟ್ಟಿಯಲ್ಲಿರುವುದು ಬಹುಪಾಲು ಮೆದು ಹವಳಗಳೇ ಆಗಿದ್ದರೆ, ರಿಯಾಕ್ಟರ್ ಬೇಕಾಗಿಲ್ಲ. ವಾರದ ನೀರು ಬದಲಾವಣೆಯೋ ಸುಣ್ಣದ ತಿಳಿನೀರೋ ಸಾಕು. ಇಳಿಕೆ ದಿನಕ್ಕೆ 1 ಡಿಕೆಎಚ್ ದಾಟಿದರೆ, ತೊಟ್ಟಿಯೂ ಇನ್ನೂರೈವತ್ತು ಮುನ್ನೂರು ಲೀಟರಿನದಾಗಿದ್ದರೆ, ರಿಯಾಕ್ಟರಿಗೆ ಹಾಕುವ ಹಣಕ್ಕೆ ಅರ್ಥವಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಟ್ಟು ನೀರು 300 ಲೀಟರ್, ದಿನದ ಇಳಿಕೆ 1.5 ಡಿಕೆಎಚ್. ಎರಡನ್ನೂ ಗುಣಿಸಿದರೆ 450. ರಿಯಾಕ್ಟರಿನಿಂದ ಹೊರಬರುವ ನೀರಿನ ಆಲ್ಕಲಿನಿಟಿ 25, ತೊಟ್ಟಿಯದು 8 ಇದ್ದರೆ, ಪ್ರತಿ ಲೀಟರಿನಿಂದ ನಮಗೆ ನಿಜವಾಗಿ ಸಿಗುವುದು 17 ಮಾತ್ರ, ಏಕೆಂದರೆ ಒಳಗೆ ಹೋದ ನೀರಿನಲ್ಲಿ 8 ಮೊದಲೇ ಇತ್ತು. 450ನ್ನು 17ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 26.5 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 18 ಮಿಲಿಲೀಟರ್ ಹರಿವು ಬೇಕು. ಇದಕ್ಕಾಗಿ ದಿನಕ್ಕೆ ಕರಗಬೇಕಾದ ಕಲ್ಲು ಸುಮಾರು 8 ಗ್ರಾಂ, ವರ್ಷಕ್ಕೆ ಸುಮಾರು 3 ಕೆಜಿ. ಅನಿಲ ದಿನಕ್ಕೆ ಕನಿಷ್ಠ ಮೂರೂವರೆ ಗ್ರಾಂ ಖರ್ಚಾಗುತ್ತದೆ. ಬಳಕೆಯಾಗದೆ ಹನಿಯೊಂದಿಗೆ ಹೊರಹೋಗುವ ಪಾಲೂ ಇರುವುದರಿಂದ ಅದಕ್ಕಿಂತ ಹೆಚ್ಚೇ ಹಿಡಿದುಕೊಳ್ಳಬೇಕು. ರಿಯಾಕ್ಟರಿನ ಗಾತ್ರ, ಸಿಲಿಂಡರಿನ ಗಾತ್ರ ಎರಡನ್ನೂ ಈ ಲೆಕ್ಕದಿಂದ ಆರಿಸಬೇಕೇ ಹೊರತು ಪೆಟ್ಟಿಗೆಯ ಮೇಲೆ ಬರೆದ ಲೀಟರುಗಳಿಂದಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ರಿಯಾಕ್ಟರ್ ಇರುವ ಮಟ್ಟವನ್ನು ಕಾಯುತ್ತದೆ, ತಪ್ಪಿದ ಮಟ್ಟವನ್ನು ಸರಿಪಡಿಸುವುದಿಲ್ಲ. ಆಲ್ಕಲಿನಿಟಿ 9 ಇದ್ದು ಕ್ಯಾಲ್ಸಿಯಂ 350ಕ್ಕೆ ಬಿದ್ದಿರುವ ತೊಟ್ಟಿಗೆ ರಿಯಾಕ್ಟರ್ ಜೋಡಿಸಿದರೆ ಎರಡೂ ಜೊತೆಯಾಗಿಯೇ ಏರುತ್ತವೆ, ಅಂತರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಲವಣಾಂಶವನ್ನು ಸಾವಿರಕ್ಕೆ 35 ಪಾಲಿಗೆ ತಂದು, ಕ್ಯಾಲ್ಸಿಯಂ ಕ್ಲೋರೈಡ್, ಅಡುಗೆ ಸೋಡಾ, ಮೆಗ್ನೀಸಿಯಂ ದ್ರಾವಣಗಳಿಂದ ಕ್ಯಾಲ್ಸಿಯಂ 420ರ ಸುಮಾರಿಗೆ, ಆಲ್ಕಲಿನಿಟಿ 8ರ ಸುಮಾರಿಗೆ, ಮೆಗ್ನೀಸಿಯಂ 1,300ರ ಸುಮಾರಿಗೆ ನಿಧಾನವಾಗಿ ತಂದ ಮೇಲೆಯೇ ರಿಯಾಕ್ಟರನ್ನು ಚಾಲೂ ಮಾಡಬೇಕು. ಬಳಸುವ ನೀರು ಹೇಮಾವತಿಯದಾಗಲಿ, ಯಗಚಿಯದಾಗಲಿ, ಬೋರ್‌ವೆಲ್‌ನದಾಗಲಿ, ಆರ್‌ಒ (ಪೊರೆಯ ಮೂಲಕ ಸೋಸುವುದು) ಮತ್ತು ಡಿಐ (ಉಳಿದ ಅಯಾನುಗಳನ್ನು ರಾಳದಿಂದ ತೆಗೆಯುವುದು) ಎರಡನ್ನೂ ದಾಟಿ ಟಿಡಿಎಸ್ (ಕರಗಿರುವ ಒಟ್ಟು ಘನಾಂಶ) ಸೊನ್ನೆಯಾಗಿರಬೇಕು. ಕುಡಿಯುವ ನೀರಿಗೆಂದು ಅಡುಗೆಮನೆಯಲ್ಲಿ ಹಾಕಿಸಿದ ಆರ್‌ಒ ಯಂತ್ರ ರುಚಿಗಾಗಿ ಖನಿಜವನ್ನು ಮತ್ತೆ ಸೇರಿಸುವಂಥದ್ದಾಗಿದ್ದರೆ ಅದು ಇದಕ್ಕೆ ಆಗುವುದಿಲ್ಲ.

ಮೀಡಿಯಾ, ಅನಿಲ, ನಳಿಕೆ

ಮೀಡಿಯಾವನ್ನು, ಅಂದರೆ ಪಾತ್ರೆಯಲ್ಲಿ ತುಂಬುವ ಕಲ್ಲನ್ನು, ಅಕ್ವೇರಿಯಂಗೆಂದೇ ಮಾರುವ ದಪ್ಪ ತುಂಡಿನ ಅರಗೊನೈಟ್ ಆಗಿ ಕೊಳ್ಳುವುದು ಒಳ್ಳೆಯದು. ಸಣ್ಣ ಹರಳು ಬೇಗ ಕರಗುತ್ತದೆ ನಿಜ, ಆದರೆ ಒತ್ತೊತ್ತಾಗಿ ಕುಳಿತು ನೀರಿನ ದಾರಿಯನ್ನು ಕಟ್ಟುತ್ತದೆ. ಅರಗೊನೈಟಿನಲ್ಲಿ ಮೆಗ್ನೀಸಿಯಂ ಕಡಿಮೆಯಿರುವುದರಿಂದ ರಿಯಾಕ್ಟರಿಗೆಂದೇ ತಯಾರಾದ ಮೆಗ್ನೀಸಿಯಂ ಮೀಡಿಯಾವನ್ನು ಹತ್ತರಲ್ಲೊಂದು ಪಾಲು ಬೆರೆಸಬಹುದು.

ಕಾಫಿ ತೋಟವಿರುವ ಮನೆಗಳಲ್ಲಿ ಗೊಬ್ಬರದ ಅಂಗಡಿಯಿಂದ ತಂದ ಕೃಷಿ ಸುಣ್ಣ ಮತ್ತು ಡಾಲೊಮೈಟ್ ಚೀಲಗಟ್ಟಲೆ ಇರುತ್ತದೆ. ರಾಸಾಯನಿಕವಾಗಿ ಇದೂ ಕಾರ್ಬೊನೇಟೇ ಅಲ್ಲವೇ ಎಂಬ ಯೋಚನೆ ಯಾರಿಗಾದರೂ ಬರುವಂಥದ್ದೇ. ಅದು ಮಣ್ಣಿನ ಹುಳಿ ತೆಗೆಯಲು ಮಾಡಿದ ಪುಡಿ. ರಿಯಾಕ್ಟರಿನಲ್ಲಿ ಅದು ಕೆಸರಾಗುತ್ತದೆ, ಅದರಲ್ಲಿರುವ ಇತರ ಲೋಹಗಳು ಮತ್ತು ಫಾಸ್ಫೇಟ್ ಎಷ್ಟೆಂಬುದು ಚೀಲದ ಮೇಲೆ ಬರೆದಿರುವುದಿಲ್ಲ. ಕಡಲ ದಡದಿಂದ ಆಯ್ದು ತಂದ ಸತ್ತ ಹವಳದ ತುಂಡುಗಳನ್ನೂ ಬಳಸಕೂಡದು. ಗಟ್ಟಿ ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಸಮುದ್ರದಿಂದ ಅವುಗಳನ್ನು, ಅವುಗಳ ಅಸ್ಥಿಯನ್ನೂ ಸೇರಿಸಿ, ತರುವುದು ಅಪರಾಧ. ತೊಟ್ಟಿಯಲ್ಲಿ ಬೆಳೆಸುವ ಹವಳಗಳನ್ನು ಕೂಡ ಕಾನೂನುಬದ್ಧ ಮೂಲದ ದಾಖಲೆಯಿದ್ದರೆ ಮಾತ್ರ ಕೊಳ್ಳಬೇಕು. ಹವಳವನ್ನು ಪ್ರೀತಿಸುವವರು ಇದರಲ್ಲಿ ರಾಜಿ ಮಾಡಿಕೊಳ್ಳಬಾರದು.

ಅನಿಲದ ಸಿಲಿಂಡರನ್ನು ನಮ್ಮ ಊರುಗಳಲ್ಲಿ ಅಗ್ನಿಶಾಮಕ ಉಪಕರಣಗಳನ್ನು ತುಂಬಿಸಿಕೊಡುವವರಲ್ಲಿ ಅಥವಾ ಸೋಡಾ ತಯಾರಕರಿಗೆ ಅನಿಲ ಒದಗಿಸುವವರಲ್ಲಿ ವಿಚಾರಿಸಬೇಕು. ಕೊಳ್ಳುವಾಗ ಕುತ್ತಿಗೆಯ ಮೇಲೆ ಕೊರೆದಿರುವ ಒತ್ತಡ ಪರೀಕ್ಷೆಯ ದಿನಾಂಕವನ್ನು ಓದಲೇಬೇಕು, ಅವಧಿ ಮೀರಿದ ಸಿಲಿಂಡರನ್ನು ಮನೆಗೆ ತರಬಾರದು. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದು ನಮಗೆ ಹೊಸದಲ್ಲ; ಮಂಗಳೂರಿನ ಕಡೆಯಿಂದ ಸಾಮಾನು ತರಿಸಿಕೊಳ್ಳುವವರು ಜೂನ್‌ಗೆ ಮೊದಲೇ ಸಿಲಿಂಡರನ್ನು ತುಂಬಿಸಿಟ್ಟುಕೊಳ್ಳುವುದು ಲೇಸು. ಒಳಗೆ ಅನಿಲ ದ್ರವರೂಪದಲ್ಲಿರುವುದರಿಂದ ದ್ರವ ಮುಗಿಯುವವರೆಗೂ ಮೀಟರಿನ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ, ಮುಗಿದ ಕೂಡಲೇ ಬೀಳುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಬೇಕಾದರೆ ಸಿಲಿಂಡರನ್ನು ತೂಗಿ ನೋಡಬೇಕು.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಗೋಡೆಗೆ ಸರಪಳಿಯಿಂದ ಕಟ್ಟಿರಬೇಕು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಕಿಟಕಿ ಮುಚ್ಚಿ, ಮಕ್ಕಳು ನೆಲದ ಮೇಲೆ ಹಾಸಿಗೆ ಹಾಸಿ ಮಲಗುವ ಕೋಣೆಯಲ್ಲಿ ಇದನ್ನು ಇಡಲೇಬಾರದು. ನಳಿಕೆಯ ವಿಷಯದಲ್ಲಿಯೂ ಎಚ್ಚರ ಬೇಕು: ಏರ್ ಪಂಪಿಗೆ ಬಳಸುವ ಮೆತ್ತನೆಯ ಸಿಲಿಕೋನ್ ನಳಿಕೆಯ ಗೋಡೆಯ ಮೂಲಕವೇ ಈ ಅನಿಲ ಹೊರಹೋಗುತ್ತದೆ, ಪಾಲಿಯುರೆಥೇನ್ ನಳಿಕೆಯನ್ನೇ ಬಳಸಬೇಕು.

ಚಾಲೂ ಮಾಡುವ ಕ್ರಮ

ಮೀಡಿಯಾವನ್ನು ಆರ್‌ಒ ನೀರಿನಲ್ಲಿ ಬಿಳಿ ಕದಡು ಹೋಗುವವರೆಗೆ ತೊಳೆದು, ಪಾತ್ರೆಯ ಮುಕ್ಕಾಲು ಭಾಗ ತುಂಬಿ, ತೊಟ್ಟಿಯ ನೀರು ಹಾಯಿಸಿ, ಅನಿಲವಿಲ್ಲದೆ ಒಂದು ದಿನ ಸುತ್ತುವ ಪಂಪನ್ನು ಮಾತ್ರ ಓಡಿಸಬೇಕು. ಮುಚ್ಚಳದ ರಬ್ಬರ್ ಉಂಗುರದಲ್ಲಿ ಜಿನುಗು ಇದ್ದರೆ ಈಗಲೇ ತಿಳಿಯುತ್ತದೆ. ಮರುದಿನ ಅನಿಲ. ಅನಿಲವನ್ನು ಸೂಕ್ಷ್ಮವಾಗಿ ಬಿಡುವ ನೀಡಲ್ ವಾಲ್ವನ್ನು ಪೂರ್ತಿ ಮುಚ್ಚಿ, ಸಿಲಿಂಡರಿನ ತಿರುಪನ್ನು ನಿಧಾನವಾಗಿ ತೆರೆದು, ರೆಗ್ಯುಲೇಟರಿನ ಹೊರಒತ್ತಡವನ್ನು 10ರಿಂದ 15 ಪಿಎಸ್‌ಐಗೆ ನಿಲ್ಲಿಸಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಬೇಕು. ಅಡುಗೆ ಗ್ಯಾಸಿನವರು ಮಾಡುವ ಪರೀಕ್ಷೆಯೇ ಇದು, ಇದಕ್ಕಿಂತ ಒಳ್ಳೆಯದು ಬೇರೆಯಿಲ್ಲ. ಅನಂತರ ನೀಡಲ್ ವಾಲ್ವನ್ನು ಕೂದಲೆಳೆಯಷ್ಟು ತೆರೆದು ಬಬಲ್ ಕೌಂಟರಿನಲ್ಲಿ ನಿಮಿಷಕ್ಕೆ ಹತ್ತು ಹದಿನೈದು ಗುಳ್ಳೆ ಬರುವಂತೆ ಮಾಡಿದರೆ ಆರಂಭಕ್ಕೆ ಸಾಕು.

ಪಿಎಚ್ ಕಂಟ್ರೋಲರ್ ದುಬಾರಿಯಾದರೂ ಬಿಡಬಾರದೆಂದೇ ನಾನು ಹೇಳುತ್ತೇನೆ. ಅದರ ಪ್ರೋಬನ್ನು (ರಿಯಾಕ್ಟರಿನ ನೀರಿನ ಪಿಎಚ್ ಅಳೆಯುವ ಕಡ್ಡಿ) 7.0 ಮತ್ತು 4.0ರ ದ್ರಾವಣಗಳಲ್ಲಿ ಸರಿಹೊಂದಿಸಬೇಕು; ತೊಟ್ಟಿಗೆ ಬಳಸುವ 10.0ರ ದ್ರಾವಣ ಇಲ್ಲಿ ಉಪಯೋಗಕ್ಕಿಲ್ಲ, ಏಕೆಂದರೆ ನಮ್ಮ ಕೆಲಸ 6.6ರ ಸುತ್ತ ನಡೆಯುತ್ತದೆ. ಕಂಟ್ರೋಲರಿನಲ್ಲಿ 6.6 ಎಂದು ಇಟ್ಟರೆ, ಪಿಎಚ್ ಅದಕ್ಕಿಂತ ಇಳಿದಾಗ ಅನಿಲದ ದಾರಿಯಲ್ಲಿರುವ, ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಏರಿದಾಗ ತೆರೆದುಕೊಳ್ಳುತ್ತದೆ. ಗುಳ್ಳೆಗಳ ವೇಗವನ್ನು ಹೇಗೆ ಹೊಂದಿಸಬೇಕೆಂದರೆ, ವಾಲ್ವ್ ದಿನದ ಬಹುಪಾಲು ತೆರೆದೇ ಇದ್ದು ಆಗೊಮ್ಮೆ ಈಗೊಮ್ಮೆ ಮಾತ್ರ ಮುಚ್ಚಿಕೊಳ್ಳುವಂತಿರಬೇಕು. ಆಗ ಪ್ರೋಬ್ ಕೈಕೊಟ್ಟರೂ ಅನಿಲ ಮಿತಿಮೀರಿ ನುಗ್ಗುವುದಿಲ್ಲ. ಪಿಎಚ್ 6.3ಕ್ಕಿಂತ ಕೆಳಗೆ ಹೋದರೆ ಮೀಡಿಯಾದ ತುಂಡುಗಳು ನೆನೆದ ಅವಲಕ್ಕಿಯಂತೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ, ಬೆರಳಿನಿಂದ ಒತ್ತಿದರೆ ಬಿಳಿ ಲೇಪವಾಗಿ ಕೈಗೆ ಮೆತ್ತುತ್ತವೆ. ಆಮೇಲೆ ಆ ಮೀಡಿಯಾವನ್ನು ಎಸೆಯುವುದೊಂದೇ ದಾರಿ.

ನೀರಿನ ಹರಿವಿಗೆ ಪೆರಿಸ್ಟಾಲ್ಟಿಕ್ ಪಂಪ್ (ಮೆತ್ತನೆಯ ನಳಿಕೆಯನ್ನು ಹಿಸುಕಿ ನೀರು ತಳ್ಳುವಂಥದ್ದು) ಬಳಸುವುದು ಉತ್ತಮ. ಸಣ್ಣ ತಿರುಪು ವಾಲ್ವಿನಿಂದ ಹನಿಯನ್ನು ನಿಯಂತ್ರಿಸುವ ವಿಧಾನ ಅಗ್ಗದ್ದು, ಆದರೆ ವಾಲ್ವಿನ ಕಿರಿದಾದ ಬಾಯಿಗೆ ಸುಣ್ಣ ಕಟ್ಟಿಕೊಂಡು ಮೂರು ನಾಲ್ಕು ದಿನಗಳಲ್ಲೇ ಹರಿವು ಅರ್ಧವಾಗುತ್ತದೆ. ಹರಿವು ಅರ್ಧವಾದರೆ ಒಳಗಿನ ನೀರು ಇನ್ನಷ್ಟು ಗಾಢವಾಗುತ್ತದೆ, ಹೊರಬರುವ ಪ್ರಮಾಣ ಮಾತ್ರ ಕಡಿಮೆಯಾಗುತ್ತದೆ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ. ಹರಿವನ್ನು ಕಣ್ಣಂದಾಜಿನಿಂದ ನೋಡದೆ, ನಳಿಕೆಯ ತುದಿಗೆ ಅಳತೆ ಗುರುತಿರುವ ಸಿರಿಂಜನ್ನೋ ಗಾಜಿನ ಸಿಲಿಂಡರನ್ನೋ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಬಂತೆಂದು ಓದಬೇಕು.

ಮೊದಲ ದಿನ ಲೆಕ್ಕದಲ್ಲಿ ಬಂದ ಹರಿವಿನ ಅರ್ಧ ಮಾತ್ರ ಬಿಡಬೇಕು. ಹೊರಬಂದ ಮೊದಲ ಒಂದೆರಡು ಲೀಟರನ್ನು ತೊಟ್ಟಿಗೆ ಬಿಡದೆ ಚೆಲ್ಲುವುದು ಕ್ಷೇಮ, ಏಕೆಂದರೆ ಹೊಸ ಮೀಡಿಯಾ ಧೂಳನ್ನೂ ಕೆಲವೊಮ್ಮೆ ಫಾಸ್ಫೇಟನ್ನೂ ಬಿಡುತ್ತದೆ. ಪಿಎಚ್ ಒಂದು ಕಡೆ ನಿಂತ ಮೇಲೆ ಹೊರಬರುವ ನೀರಿನ ಆಲ್ಕಲಿನಿಟಿಯನ್ನು ಅಳೆಯಬೇಕು. ಅದು ಕಿಟ್‌ನ ಅಳತೆಯನ್ನು ಮೀರಿರುವುದೇ ಹೆಚ್ಚು. ಒಂದು ಪಾಲಿಗೆ ಮೂರು ಪಾಲು ಶುದ್ಧ ಆರ್‌ಒ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿದರೆ ಆಯಿತು. 20ರಿಂದ 40 ಡಿಕೆಎಚ್ ಸಾಮಾನ್ಯ. ಈ ಅಂಕಿಯನ್ನು ಮೇಲಿನ ಲೆಕ್ಕದಲ್ಲಿ ಹಾಕಿ ಹರಿವನ್ನು ತಿದ್ದಿಕೊಂಡು, ಅನಂತರ ಒಂದು ವಾರದಲ್ಲಿ ಹಂತಹಂತವಾಗಿ ಏರಿಸಬೇಕು. ಪ್ರತಿ ಬದಲಾವಣೆಯ ಬಳಿಕ ಕನಿಷ್ಠ ಒಂದು ದಿನ ಕಾಯಬೇಕು. ತೊಟ್ಟಿಯ ಆಲ್ಕಲಿನಿಟಿ ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಏರಲು ಬಿಡದಿದ್ದರೆ ಹವಳದ ತುದಿಗಳು ಸುಡುವುದಿಲ್ಲ.

ತೊಟ್ಟಿಯ ಆಲ್ಕಲಿನಿಟಿ ಇಳಿಯುತ್ತಿದ್ದರೆ ಹರಿವನ್ನು ಹತ್ತರಲ್ಲೊಂದು ಭಾಗದಷ್ಟು ಹೆಚ್ಚಿಸಿ, ಏರುತ್ತಿದ್ದರೆ ಅಷ್ಟೇ ತಗ್ಗಿಸಿ. ಹರಿವು ಹೆಚ್ಚಾದಾಗ ಒಳಗಿನ ಪಿಎಚ್ ಏರಲು ನೋಡುತ್ತದೆ, ಕಂಟ್ರೋಲರ್ ತಾನಾಗಿ ಹೆಚ್ಚು ಹೊತ್ತು ಅನಿಲ ಬಿಟ್ಟು ಅದನ್ನು ಮತ್ತೆ 6.6ಕ್ಕೆ ತರುತ್ತದೆ. ಕ್ಯಾಲ್ಸಿಯಮನ್ನು ವಾರಕ್ಕೊಮ್ಮೆ, ಮೆಗ್ನೀಸಿಯಮನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಕ್ಯಾಲ್ಸಿಯಂ 420ರಿಂದ 410ಕ್ಕೆ ಇಳಿಯಿತೆಂದು ರಿಯಾಕ್ಟರನ್ನು ಮುಟ್ಟಬೇಕಾಗಿಲ್ಲ. ಆ ವ್ಯತ್ಯಾಸ ಬಹುತೇಕ ಕಿಟ್‌ನ ಅಳತೆಯ ತಪ್ಪಿನೊಳಗೇ ಇರುತ್ತದೆ. ಆಲ್ಕಲಿನಿಟಿಯ ಚಲನೆಯೇ ಬೇಗ ಕಾಣುವ, ನಂಬಬಹುದಾದ ಗುರುತು.

ನಮ್ಮ ಹವೆಯಲ್ಲಿ ಪಿಎಚ್ ಕಾಯುವುದು

ರಿಯಾಕ್ಟರಿನ ನಿಜವಾದ ಕೊರತೆ ಒಂದೇ: ಹೊರಬರುವ ನೀರಿನಲ್ಲಿ ಉಳಿದ ಇಂಗಾಲದ ಡೈಆಕ್ಸೈಡ್ ತೊಟ್ಟಿಯ ಪಿಎಚ್ಚನ್ನು ತಗ್ಗಿಸುತ್ತದೆ. ಸೆಕೆಯ ಊರಿನಲ್ಲಿ ಕಿಟಕಿಗಳು ತೆರೆದೇ ಇರುತ್ತವೆ. ಚಿಕ್ಕಮಗಳೂರಿನಲ್ಲೋ ಸಕಲೇಶಪುರದಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಮಳೆಗೆ, ಡಿಸೆಂಬರ್ ಜನವರಿಯಲ್ಲಿ ಚಳಿಗೆ ಕಿಟಕಿ ಬಾಗಿಲುಗಳು ಮುಚ್ಚಿರುತ್ತವೆ. ಮನೆಮಂದಿಯ ಉಸಿರು, ಗ್ಯಾಸ್ ಒಲೆ, ಬಚ್ಚಲ ಒಲೆ ಎಲ್ಲ ಸೇರಿ ಒಳಗಿನ ಗಾಳಿಯಲ್ಲೇ ಆ ಅನಿಲ ಹೆಚ್ಚಿರುತ್ತದೆ. ಇದರ ಮೇಲೆ ರಿಯಾಕ್ಟರ್ ಸೇರಿದರೆ ಬೆಳಗಿನ ಜಾವ ತೊಟ್ಟಿಯ ಪಿಎಚ್ 7.8ಕ್ಕಿಂತ ಕೆಳಗಿಳಿಯಬಹುದು, ಹವಳದ ಬೆಳವಣಿಗೆ ನಿಧಾನವಾಗುತ್ತದೆ.

ಇದಕ್ಕೆ ಎಲ್ಲೆಡೆ ಹೇಳುವ ಪರಿಹಾರ, ಆವಿಯಾದ ನೀರಿನ ಬದಲಿಗೆ ಸುಣ್ಣದ ತಿಳಿನೀರನ್ನು ರಾತ್ರಿ ಹೊತ್ತು ಹನಿಸುವುದು. ಪಿಎಚ್ 12ಕ್ಕೂ ಮೇಲಿರುವ ಆ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಕ್ಯಾಲ್ಸಿಯಮನ್ನೂ ಕೊಡುತ್ತದೆ. ಪರಿಹಾರ ಒಳ್ಳೆಯದೇ. ಆದರೆ ತೊಟ್ಟಿಯಿಂದ ಎಷ್ಟು ನೀರು ಆವಿಯಾಗುತ್ತದೋ ಅಷ್ಟನ್ನು ಮಾತ್ರ ಸೇರಿಸಲು ಸಾಧ್ಯ. ಬಟ್ಟೆ ವಾರವಾದರೂ ಒಣಗದ ಮಲೆನಾಡಿನ ಆಷಾಢದಲ್ಲಿ ತೊಟ್ಟಿಯ ನೀರು ಆವಿಯಾಗುವುದೂ ಕಡಿಮೆ. ಸುಣ್ಣದ ನೀರು ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಅದನ್ನು ಹಾಕಲು ಜಾಗವಿರುವುದಿಲ್ಲ. ಆದ್ದರಿಂದ ನಮ್ಮ ಕಡೆ ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಹೆಚ್ಚು ಫಲ ಕೊಡುವುದು ಬೇರೆ ಮೂರು ಏರ್ಪಾಡುಗಳು. ರಿಯಾಕ್ಟರಿನ ಹನಿ ಸ್ಕಿಮ್ಮರಿನ (ಗಾಳಿಗುಳ್ಳೆ ಹಾಯಿಸಿ ನೊರೆಯೊಂದಿಗೆ ಕೊಳೆ ತೆಗೆಯುವ ಸಾಧನ) ಬಾಯಿಯ ಹತ್ತಿರ ಬೀಳುವಂತೆ ಮಾಡಿದರೆ ಉಳಿದ ಅನಿಲದ ಒಂದಷ್ಟು ಪಾಲು ಅಲ್ಲೇ ಹಾರಿಹೋಗುತ್ತದೆ. ಮೊದಲ ಪಾತ್ರೆಯ ನಂತರ ಅನಿಲವಿಲ್ಲದ ಎರಡನೆಯ ಮೀಡಿಯಾ ಪಾತ್ರೆಯನ್ನು ಜೋಡಿಸಿದರೆ ಉಳಿದ ಆಮ್ಲ ಅಲ್ಲಿಯೂ ಕಲ್ಲು ಕರಗಿಸುತ್ತದೆ, ಹೊರಬರುವ ನೀರಿನ ಪಿಎಚ್ ಸ್ವಲ್ಪ ಏರುತ್ತದೆ. ಮೂರನೆಯದಾಗಿ, ಸ್ಕಿಮ್ಮರಿಗೆ ಗಾಳಿ ಹೀರುವ ನಳಿಕೆಯನ್ನು ಕಿಟಕಿಯ ಚೌಕಟ್ಟಿನ ಮೂಲಕ ಹೊರಗೆ ಒಯ್ದು, ಬಾಯಿಯನ್ನು ಕೆಳಮುಖವಾಗಿ ಬಾಗಿಸಿ ಸೊಳ್ಳೆ ಪರದೆಯ ತುಂಡು ಕಟ್ಟಬೇಕು. ಈ ಮೂರರಲ್ಲಿ ಕೊನೆಯದರ ಪರಿಣಾಮವೇ ದೊಡ್ಡದು.

ತೋಟದ ನಡುವಿನ ಮನೆಯವರು ಆ ನಳಿಕೆಯ ವಿಷಯದಲ್ಲಿ ಒಂದು ಎಚ್ಚರ ವಹಿಸಬೇಕು. ಮುಂಗಾರಿಗೆ ಮುನ್ನ ಕಾಫಿಗೂ ಅಡಿಕೆಗೂ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ತಾಮ್ರ ಅತಿ ಕಡಿಮೆ ಪ್ರಮಾಣದಲ್ಲಿಯೂ ಹವಳಕ್ಕೆ, ಸೀಗಡಿಗೆ, ಶಂಖದ ಹುಳುಗಳಿಗೆ ವಿಷ. ಸಿಂಪರಣೆಯ ದಿನಗಳಲ್ಲಿ ಹೊರಗಿನ ನಳಿಕೆಯನ್ನು ಕಳಚಿ ಒಳಗಿನ ಗಾಳಿಯನ್ನೇ ಕೊಡಬೇಕು. ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು, ಅಳತೆಯ ಜಗ್ಗುಗಳನ್ನು ಎಷ್ಟು ತೊಳೆದಿದ್ದರೂ ಉಪ್ಪುನೀರು ಕಲಸಲು ತರಬಾರದು. ತೊಟ್ಟಿಯ ಪಾತ್ರೆಗಳಿಗೆ ಬೇರೆ ಬಣ್ಣ ಗೊತ್ತುಮಾಡಿ ಕೆಲಸದವರಿಗೂ ತಿಳಿಸಿಡುವುದು ಒಳ್ಳೆಯದು.

ವಿದ್ಯುತ್ ಹೋದಾಗ

ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಇಡೀ ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ವಾಡಿಕೆ. ರಿಯಾಕ್ಟರ್ ಒಂದು ದಿನ ನಿಂತರೆ ಹವಳಕ್ಕೆ ತೊಂದರೆಯಿಲ್ಲ. ತೊಟ್ಟಿಯ ನೀರಿನ ಚಲನೆ ನಿಂತರೆ ತೊಂದರೆಯಿದೆ. ಸಮುದ್ರಮಟ್ಟಕ್ಕಿಂತ ಸುಮಾರು 1,000 ಮೀಟರ್ ಎತ್ತರದಲ್ಲಿರುವ ನಮ್ಮಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ, ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟು ಕಡಿಮೆ. ಆದ್ದರಿಂದ ಇನ್ವರ್ಟರನ್ನು ಅಲೆಯ ಪಂಪಿಗೆ ಮೀಸಲಿಟ್ಟು, ರಿಯಾಕ್ಟರಿನ ಮೂರು ಭಾಗಗಳಾದ ಸುತ್ತುವ ಪಂಪ್, ಹರಿವಿನ ಪಂಪ್, ಸೊಲೆನಾಯ್ಡ್ ವಾಲ್ವ್‌ಗಳನ್ನು ಇನ್ವರ್ಟರ್ ಇಲ್ಲದ ಒಂದೇ ಸ್ವಿಚ್ಚಿಗೆ ಕೊಡಬೇಕು. ಕರೆಂಟ್ ಹೋದರೆ ವಾಲ್ವ್ ತಾನಾಗಿ ಮುಚ್ಚಿಕೊಂಡು ಅನಿಲ ನಿಲ್ಲುತ್ತದೆ, ಮೂರೂ ಒಟ್ಟಿಗೆ ನಿಂತು ಒಟ್ಟಿಗೆ ಏಳುತ್ತವೆ. ವಾಲ್ವ್ ಮಾತ್ರ ಇನ್ವರ್ಟರಿನಲ್ಲಿದ್ದು ಪಂಪ್ ನಿಂತರೆ ಪಾತ್ರೆಯೊಳಗೆ ಅನಿಲ ತುಂಬಿಕೊಳ್ಳುತ್ತದೆ. ಕರೆಂಟ್ ಬಂದಾಗ ಸುತ್ತುವ ಪಂಪಿನ ಮೇಲೆ ಕೈಯಿಟ್ಟು ಅದು ನಿಜಕ್ಕೂ ತಿರುಗುತ್ತಿದೆಯೇ ಎಂದು ನೋಡಬೇಕು. ಎರಡು ದಿನಕ್ಕಿಂತ ಹೆಚ್ಚು ನಿಂತಿದ್ದರೆ ಒಳಗಿನ ನೀರು ಆಮ್ಲಜನಕವಿಲ್ಲದೆ ಕೊಳೆತಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರನ್ನು ಪೂರ್ತಿ ಚೆಲ್ಲಿ ಹೊಸದಾಗಿ ತುಂಬಿಸಿ.

ನಿರ್ವಹಣೆ ಹೆಚ್ಚಿಲ್ಲ. ವಾರಕ್ಕೊಮ್ಮೆ ಹರಿವನ್ನು ಅಳೆಯುವುದು, ತಿಂಗಳಿಗೊಮ್ಮೆ ಪ್ರೋಬನ್ನು ಸರಿಹೊಂದಿಸಿ ಸಿಲಿಂಡರನ್ನು ತೂಗುವುದು, ಆರು ತಿಂಗಳಿಗೊಮ್ಮೆ ಪಂಪನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಸುಣ್ಣ ಬಿಡಿಸುವುದು. ಮೀಡಿಯಾ ಅರ್ಧಕ್ಕಿಳಿದಾಗ ಪಾತ್ರೆ ತೆರೆದು, ತಳದಲ್ಲಿ ಕುಳಿತ ಕೆಸರನ್ನು ತೊಳೆದು ತೆಗೆದು, ಹಳೆಯ ತುಂಡುಗಳನ್ನು ಮೇಲಕ್ಕೂ ಹೊಸದನ್ನು ಕೆಳಕ್ಕೂ ಹಾಕಬೇಕು. ಮುಚ್ಚುವ ಮುನ್ನ ರಬ್ಬರ್ ಉಂಗುರದ ಮೇಲೆ ಮರಳಿನ ಒಂದು ಕಣವೂ ಇಲ್ಲದಂತೆ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ತಿರುಪುಗಳನ್ನು ಎದುರುಬದುರಾಗಿ ಸಮವಾಗಿ ಬಿಗಿಯಬೇಕು. ಹೊಸ ಮೀಡಿಯಾ ಸೇರಿದ ಮೇಲೆ ಹೊರಬರುವ ನೀರಿನ ಆಲ್ಕಲಿನಿಟಿ ಬದಲಾಗಿರುತ್ತದೆ. ಅದನ್ನು ಮತ್ತೆ ಅಳೆದು, ಹರಿವಿನ ಲೆಕ್ಕವನ್ನು ಹೊಸದಾಗಿ ಹಾಕಿಕೊಂಡು, ಅರ್ಧ ಹರಿವಿನಿಂದಲೇ ಪುನಃ ಆರಂಭಿಸಬೇಕು.